ತುಟಿಗೆ ಫಿಲ್ಲರ್: ಸಹಜವಾಗಿ ಕಾಣಬೇಕಾ, ತುಂಬಿದ ಹಾಗೆ ಕಾಣಬೇಕಾ? ಹಾಕಿಸಿಕೊಂಡವರು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನಗೆ 29. ಊರು ಶಿವಮೊಗ್ಗ, ಕೆಲಸ ಬೆಂಗಳೂರಿನಲ್ಲಿ. ನನ್ನ ಮೇಲ್ತುಟಿ ತುಂಬಾ ತೆಳು. ನಕ್ಕರೆ ಒಳಗೆ ಮಡಚಿಕೊಂಡು ಬರೀ ಒಂದು ಗೆರೆ ಉಳಿಯುತ್ತದೆ. ಕೆಳತುಟಿ ಚೆನ್ನಾಗೇ ಇದೆ. ಲಿಪ್‌ಲೈನರ್ ಅಂಚು ದಾಟಿಸಿ ಬರೆದೂ ಬರೆದೂ ಸಾಕಾಗಿದೆ.

ಹಯಲುರಾನಿಕ್ ಆಸಿಡ್ ಫಿಲ್ಲರ್ (ತುಟಿ ತುಂಬಿಸೋಕೆ ಸೂಜಿಯಲ್ಲಿ ಹಾಕುವ ಜೆಲ್) ಹಾಕಿಸೋಣ ಅಂತ ಎರಡು ಕಡೆ ವಿಚಾರಿಸಿದೆ. ಒಂದು ಕಡೆ ಡಾಕ್ಟರ್ "ಅರ್ಧ ಎಂಎಲ್ ಸಾಕು, ಹಾಕಿಸಿದ್ದು ಯಾರಿಗೂ ಗೊತ್ತಾಗಬಾರದು" ಅಂದರು. ಇನ್ನೊಂದು ಕಡೆ ಡಾಕ್ಟರ ಮುಖ ನೋಡುವ ಮೊದಲೇ ಕೌಂಟರಿನ ಹುಡುಗಿ "ಮೇಡಂ, ಒಂದು ಎಂಎಲ್ ತಗೊಳ್ಳಿ, ಈ ವಾರ ಆಫರ್ ಇದೆ, ಅರ್ಧದಲ್ಲಿ ಏನೂ ಕಾಣಲ್ಲ" ಅಂದಳು. ಯಾರ ಮಾತು ನಂಬಲಿ?

ಜೊತೆಗೆ ಅಮ್ಮನ ಗಲಾಟೆ ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಆಪರೇಷನ್ ಆದಮೇಲೆ ತೀರಿಕೊಂಡರಲ್ಲ, ಆ ಸುದ್ದಿ ಅಮ್ಮನ ತಲೆಯಲ್ಲಿ ಕೂತುಬಿಟ್ಟಿದೆ. "ಚಂದ ಮಾಡ್ಕೊಳಕ್ಕೆ ಹೋಗಿ ಜೀವ ಕಳ್ಕೋತೀಯಾ" ಅಂತ ದಿನಾ ಫೋನ್.

ಇನ್ನೆರಡು ತಿಂಗಳಿಗೆ ತಮ್ಮನ ಮದುವೆ. ಅದಕ್ಕೆ ಮುಂಚೆ ಮಾಡಿಸಬಹುದಾ?

ಬನಶಂಕರಿ_ಬಿಡಿಎ

ನಾನು ಮಾಡಿಸಿದ್ದೇನೆ. ಸಹಜ ಪಾರ್ಟಿ ನಂದು. ಹೇಗಿರುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ರೀಲ್ಸ್‌ನಲ್ಲಿ ಸೂಜಿ ಹಾಕಿದ ಮರುಕ್ಷಣ ಚಂದದ ತುಟಿ ಬಂದುಬಿಡುತ್ತದೆ. ನಿಜದಲ್ಲಿ ಹಾಗಿಲ್ಲ.

ಮೊದಲು ಮರಗಟ್ಟಿಸುವ ಕ್ರೀಮ್ ದಪ್ಪಗೆ ಹಚ್ಚಿ ಅರ್ಧ ಗಂಟೆ ಕೂರಿಸಿದರು. ಕ್ರೀಮ್ ಚೂರು ಬಾಯಿಗೆ ಹೋಗಿ ನಾಲಿಗೆ ತುದಿನೂ ಜೋಮು ಹಿಡಿಯಿತು. ಆಮೇಲೆ ಒರೆಸಿ, ಕನ್ನಡಿ ನನ್ನ ಕೈಗೆ ಕೊಟ್ಟು, ಬಿಳಿ ಪೆನ್ಸಿಲ್‌ನಲ್ಲಿ ಗುರುತು ಮಾಡಿದರು. "ನಗಿ. ಈಗ ಮಾತಾಡಿ. ನಿಮ್ಮ ಮನೆ ವಿಳಾಸ ಹೇಳಿ" ಅಂದರು. ತುಟಿ ಅಲ್ಲಾಡುವಾಗ ಎಲ್ಲಿ ತೆಳುವಾಗುತ್ತದೆ ಅಂತ ನೋಡೋಕೆ ಅಂತೆ. ಸೂಜಿ ಚುಚ್ಚಿದಾಗ ಬದಿಗಳಲ್ಲಿ ಅಷ್ಟು ನೋವಿಲ್ಲ. ಮೇಲ್ತುಟಿಯ ನಡುವೆ, ಮೂಗಿನ ಕೆಳಗಿನ ಆ ಎರಡು ಏಣಿನ ಹತ್ತಿರ ಬಂದಾಗ ಮಾತ್ರ ಅಳದೇ ಇದ್ದರೂ ಕಣ್ಣಲ್ಲಿ ತಾನಾಗೇ ನೀರು ಬಂತು.

ಮಾರನೇ ದಿನ ಬೆಳಿಗ್ಗೆ ಕನ್ನಡಿ ನೋಡಿ ಎದೆ ಧಸಕ್ ಅಂತು. ಎಡಗಡೆ ಒಂದು ಸೈಜು, ಬಲಗಡೆ ಇನ್ನೊಂದು. ಕಾಫಿ ಲೋಟದ ಅಂಚು ತುಟಿಗೆ ತಾಗಿದ್ದೇ ಗೊತ್ತಾಗದೆ ನೈಟಿ ಮೇಲೆ ಚೆಲ್ಲಿಕೊಂಡೆ. ಡಾಕ್ಟರಿಗೆ ಫೋಟೋ ಕಳಿಸಿದರೆ "ಊತ, ಇಳಿಯುತ್ತೆ, ಸುಮ್ನೆ ಮುಟ್ಟಬೇಡಿ" ಅಂತ ಒಂದೇ ಸಾಲು. ಇಳಿಯಿತು. ಎರಡು ವಾರ ಆದಮೇಲೆ ಉಳಿದದ್ದೇ ನಿಜವಾದ ತುಟಿ. ಆಫೀಸಿನಲ್ಲಿ ಒಬ್ಬರೂ ಕೇಳಲಿಲ್ಲ. ಲಿಪ್‌ಸ್ಟಿಕ್ ಯಾವ ಕಂಪನಿದು ಅಂತ ಮಾತ್ರ ಇಬ್ಬರು ಕೇಳಿದರು.

ಸುಮ್ನೆ_ಕೇಳ್ದೆ

ಯಾರಿಗೂ ಗೊತ್ತಾಗಬಾರದು ಅಂದ್ರೆ ಅಷ್ಟು ದುಡ್ಡು ಯಾಕೆ ಕೊಡಬೇಕು? ದೇವರು ಕೊಟ್ಟಿದ್ದು ಸಾಕಾಗಲ್ವಾ?

ಬನಶಂಕರಿ_ಬಿಡಿಎ

@ಸುಮ್ನೆ_ಕೇಳ್ದೆ ನೀವು ತಲೆಗೆ ಡೈ ಹಾಕಲ್ವಾ ಅಣ್ಣಾ?

ಚರ್ಮದ_ಡಾಕ್ಟ್ರು

ಚರ್ಮರೋಗ ತಜ್ಞೆ, ಮಂಗಳೂರು. ದಿನಾ ಇದೇ ಪ್ರಶ್ನೆ ಕೇಳೋರು ಬರ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ಅಮ್ಮನ ಭಯ. ಕೊಬ್ಬು ತೆಗೆಯುವುದು ಶಸ್ತ್ರಚಿಕಿತ್ಸೆ. ಇದು ಸೂಜಿಯಲ್ಲಿ ಜೆಲ್ ಹಾಕುವುದು. ಎರಡರ ಅಪಾಯ ಬೇರೆ ಬೇರೆ. ಹಾಗಂತ ಇದರಲ್ಲಿ ಅಪಾಯವೇ ಇಲ್ಲ ಅಂತಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಹಯಲುರಾನಿಕ್ ಆಸಿಡ್ ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನಲ್ಲಿ ಮೊದಲೇ ಇರುವ ವಸ್ತು. ನೀರು ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಅದನ್ನು ಹಾಗೇ ಚುಚ್ಚಿದರೆ ಬೇಗ ಕರಗಿಹೋಗುತ್ತದೆ. ಅದಕ್ಕೇ ಕಂಪನಿಯವರು ಅದರ ಎಳೆಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಕಟ್ಟುತ್ತಾರೆ. ಹೇಗೆ ಕಟ್ಟಿದ್ದಾರೆ ಅನ್ನುವುದರ ಮೇಲೆ ಜೆಲ್ ಮೆತ್ತಗೋ ಗಟ್ಟಿಯೋ ಅಂತ ತೀರ್ಮಾನ. ಅಂಬಲಿಯೂ ರಾಗಿಯದೇ, ಮುದ್ದೆಯೂ ರಾಗಿಯದೇ, ಅಲ್ವಾ? ಗದ್ದಕ್ಕೆ, ದವಡೆಗೆ ಹಾಕುವ ಗಟ್ಟಿ ಜೆಲ್ಲನ್ನು ತುಟಿಗೆ ಹಾಕಿದರೆ ನಗುವಾಗ ಗಂಟಿನ ಹಾಗೆ ಕಾಣುತ್ತದೆ. ತುಟಿಗೆ ಬಾಗುವ, ಹಿಗ್ಗುವ ಜೆಲ್ ಬೇಕು.

ಬ್ರಾಂಡ್ ಹೆಸರು ಕೇಳ್ತಾರೆ ಎಲ್ಲರೂ. ಜುವಿಡರ್ಮ್ ವೋಲ್‌ಬೆಲ್ಲಾದಲ್ಲಿ ಒಂದು ಎಂಎಲ್‌ಗೆ 15 ಮಿಲಿಗ್ರಾಂ ಹಯಲುರಾನಿಕ್ ಆಸಿಡ್, ರೆಸ್ಟಿಲೇನ್ ಕಿಸ್‌ನಲ್ಲಿ 20, ಜುವಿಡರ್ಮ್ ಅಲ್ಟ್ರಾದಲ್ಲಿ 24. ಆದರೆ ಈ ಅಂಕಿ ಜಾಸ್ತಿ ಇದ್ದರೆ ತುಟಿ ದಪ್ಪ, ಕಡಿಮೆ ಇದ್ದರೆ ಸಹಜ ಅಂತ ಲೆಕ್ಕ ಹಾಕಬೇಡಿ. ಒಂದೇ ಸಿರಿಂಜಿನಲ್ಲಿ ಎರಡೂ ಥರ ಮಾಡಬಹುದು. ನೋಟ ತೀರ್ಮಾನವಾಗುವುದು ಎಷ್ಟು ಹಾಕ್ತಾರೆ, ಎಲ್ಲಿ ಹಾಕ್ತಾರೆ, ಎಷ್ಟು ಆಳದಲ್ಲಿ ಹಾಕ್ತಾರೆ ಅನ್ನುವುದರಿಂದ. ಒಂದು ಟೀ ಚಮಚ ಅಂದರೆ 5 ಎಂಎಲ್. ಇಡೀ ಒಂದು ಸಿರಿಂಜ್ ಅದರ ಐದನೇ ಒಂದು ಪಾಲು ಅಷ್ಟೇ. ಆದರೂ ತೆಳು ತುಟಿಗೆ ಒಂದೇ ಸಲಕ್ಕೆ ಅದು ಜಾಸ್ತಿ ಆಗಬಹುದು. ಚರ್ಮ ಹಿಗ್ಗಬೇಕಲ್ಲ. ಜಾಗ ಸಾಲದೆ ಇದ್ದರೆ ಜೆಲ್ ಅಂಚು ದಾಟಿ ಮೇಲಕ್ಕೆ ಹೋಗಿ ಕೂರುತ್ತದೆ.

@ತುಂಗಾತೀರ ಅರ್ಧ ಹಾಕಿಸಿ, ಎರಡು ವಾರ ಕಾದು, ಬೇಕಾದರೆ ಇನ್ನು ಸ್ವಲ್ಪ. ಆ ಮೊದಲ ಡಾಕ್ಟರ್ ಹೇಳಿದ್ದು ಸರಿ. ಆದರೆ ನೀವು ಬರೆದದ್ದರಲ್ಲಿ ಇನ್ನೊಂದು ವಿಷಯ ಇದೆ. "ನಕ್ಕರೆ ಮಡಚಿಕೊಳ್ಳುತ್ತದೆ" ಅಂದಿರಿ. ಸುಮ್ಮನೆ ಇದ್ದಾಗ ತುಟಿ ಹೇಗಿದೆ? ನಕ್ಕಾಗ ಮಾತ್ರ ತೊಂದರೆ ಅಂದರೆ ಅದು ಸ್ನಾಯು ಎಳೆಯುವ ಸಮಸ್ಯೆಯೂ ಆಗಿರಬಹುದು. ಅದಕ್ಕೆ ಮೇಲ್ತುಟಿಯ ಅಂಚಿನಲ್ಲಿ ಸ್ನಾಯು ಸಡಿಲಿಸುವ ಬೊಟಾಕ್ಸ್‌ನ ಕೆಲವೇ ಯೂನಿಟ್ ಹಾಕುವ ಪದ್ಧತಿ ಇದೆ, ಲಿಪ್ ಫ್ಲಿಪ್ ಅಂತಾರೆ. ದಪ್ಪ ಆಗಲ್ಲ, ಮಡಚಿಕೊಳ್ಳುವುದು ಕಡಿಮೆ ಆಗುತ್ತದೆ. ಎರಡು ಮೂರು ತಿಂಗಳು ಇರುತ್ತದೆ. ಜಾಸ್ತಿ ಆದರೆ ಸ್ಟ್ರಾದಲ್ಲಿ ಎಳನೀರು ಕುಡಿಯೋಕೆ ಕಷ್ಟ, ಪ, ಬ, ಮ ಹೇಳುವಾಗ ತುಟಿ ಸರಿಯಾಗಿ ಕೂಡಲ್ಲ. ಪಾಠ ಮಾಡುವವರು, ಹಾಡುವವರು ಯೋಚಿಸಿ ಮಾಡಿಸಬೇಕು.

ಮದುವೆಗೆ ಎರಡು ತಿಂಗಳಿದ್ದರೆ ಈಗಲೇ, ಇಲ್ಲದಿದ್ದರೆ ಮದುವೆ ಮುಗಿದ ಮೇಲೆ. ಕೊನೆಯ ಒಂದು ತಿಂಗಳಲ್ಲಿ ಬೇಡ.

ದುಬೈ_ಕನ್ನಡತಿ

ಎಲ್ಲರೂ ಸಹಜ ಸಹಜ ಅಂತ ಹೇಳೋದು ನೋಡಿ ನಗು ಬರುತ್ತೆ. ನನಗೆ ಬೇಕಿದ್ದದ್ದು ತುಂಬಿದ ತುಟಿ. ಎದ್ದು ಕಾಣಬೇಕು, ಲಿಪ್‌ಸ್ಟಿಕ್ ಹಚ್ಚಿದರೆ ಫೋಟೋ ಕದಿಯಬೇಕು. ಅದರಲ್ಲಿ ತಪ್ಪೇನಿದೆ? ಅತ್ತೆ ಕೇಳಿದರು, "ಫಿಲ್ಲರ್ ಅತ್ತೆ" ಅಂದೆ, ಮುಗೀತು. ಸಹಜ ಬೇಕು ಅಂತ ಕ್ಲಿನಿಕ್‌ಗೆ ಹೋಗಿ, ಹೊರಗೆ ಬಂದು "ಜಾಸ್ತಿ ನೀರು ಕುಡೀತೀನಿ" ಅಂತ ಸುಳ್ಳು ಹೇಳೋರಿಗಿಂತ ವಾಸಿ.

ಆದರೆ ಡಾಕ್ಟ್ರು ಹೇಳಿದ್ದು ತುಂಬಿದ ತುಟಿ ಬೇಕಾದವರಿಗೇ ಜಾಸ್ತಿ ಅನ್ವಯ. ನನ್ನದು ಒಂದೇ ಸಲಕ್ಕೆ ಆಗಿದ್ದಲ್ಲ. ಮೊದಲ ಸಲ ಸ್ವಲ್ಪ, ಕೆಲವು ತಿಂಗಳು ಬಿಟ್ಟು ಇನ್ನು ಸ್ವಲ್ಪ. ನಾನು ಅವಸರ ಮಾಡಿದರೂ ಡಾಕ್ಟರ್ ಒಪ್ಪಲಿಲ್ಲ. ಇಲ್ಲಿ ದುಬೈ ಹೆಲ್ತ್ ಅಥಾರಿಟಿ ಲೈಸೆನ್ಸ್ ಗೋಡೆ ಮೇಲೆ ಇರುತ್ತದೆ, ಅದನ್ನು ನೋಡಿಯೇ ಒಳಗೆ ಹೋಗ್ತೀವಿ.

ಇನ್ನೊಂದು. ಯಾರದೋ ಫೋಟೋ ತೋರಿಸಿ "ಹೀಗೆ ಮಾಡಿ" ಅನ್ನಬೇಡಿ. ಈ ಹುಚ್ಚು ಜೋರಾಗಿದ್ದೇ ಅಮೆರಿಕದ ಟಿವಿ ತಾರೆ ಕೈಲಿ ಜೆನ್ನರ್ 2015ರಲ್ಲಿ ಫಿಲ್ಲರ್ ಹಾಕಿಸಿಕೊಂಡಿದ್ದು ಹೌದು ಅಂತ ಒಪ್ಪಿಕೊಂಡ ಮೇಲೆ. ಅವಳ ಮುಖ ಬೇರೆ, ನಮ್ಮ ಮುಖ ಬೇರೆ. ಮೇಲ್ತುಟಿ ಒಂದಾದರೆ ಕೆಳತುಟಿ 1.6ರ ಹತ್ತಿರ ಇರಬೇಕು ಅಂತ ಒಂದು ಲೆಕ್ಕ ಎಲ್ಲ ಕಡೆ ಓಡಾಡುತ್ತೆ. ನಮ್ಮ ಕಡೆ ಎಷ್ಟೋ ಜನರಿಗೆ ಮೇಲ್ತುಟಿ ಕೆಳತುಟಿ ಸಮ ಸಮ ಇರುತ್ತೆ, ಅದೇ ಚಂದ ಇರುತ್ತೆ. ಲೆಕ್ಕಕ್ಕೆ ತುಟಿ ಹೊಂದಿಸೋಕೆ ಹೋದರೆ ಎಲ್ಲರೂ ಒಂದೇ ಅಚ್ಚಿನ ಗೊಂಬೆ ಥರ ಕಾಣ್ತಾರೆ.

ಪಾರ್ಲರ್_ಅಕ್ಕ_ಮೈಸೂರು

ನಾನು ಬ್ಯೂಟಿ ಪಾರ್ಲರ್ ನಡೆಸ್ತೀನಿ. ಸೂಜಿ ಮುಟ್ಟಲ್ಲ, ಮುಟ್ಟೋದೂ ಇಲ್ಲ. ಆದರೆ ಈಚೆಗೆ "ಸೂಜಿ ಇಲ್ಲದ ಫಿಲ್ಲರ್ ಪೆನ್" ಅಂತ ಒಂದು ಯಂತ್ರ ಮಾರೋಕೆ ಏಜೆಂಟ್‌ಗಳು ಬರ್ತಾರೆ. ಒಂದು ದಿನದ ಟ್ರೈನಿಂಗ್, ಸರ್ಟಿಫಿಕೇಟ್, ಎಲ್ಲ ಕೊಡ್ತಾರಂತೆ. ಗಾಳಿಯ ಒತ್ತಡದಲ್ಲಿ ತುಟಿಯೊಳಗೆ ಜೆಲ್ ಹೊಡೆಯೋದು. ಪಕ್ಕದ ಬೀದಿಯವರು ತಗೊಂಡಿದ್ದಾರೆ. ಡಾಕ್ಟ್ರೇ, ಇದು ಸರಿನಾ?

ಇನ್ನೊಂದು, ನನ್ನ ಹತ್ತಿರ ಬರೋ ಹೆಣ್ಣುಮಕ್ಕಳಲ್ಲಿ ಅರ್ಧ ಜನಕ್ಕೆ ತುಟಿ ಕಪ್ಪಾಗಿದೆ ಅನ್ನೋದೇ ಚಿಂತೆ. ಫಿಲ್ಲರ್ ಹಾಕಿಸಿದರೆ ಪಿಂಕ್ ಆಗುತ್ತೆ ಅಂತ ನಂಬಿದ್ದಾರೆ.

ಚರ್ಮದ_ಡಾಕ್ಟ್ರು

@ಪಾರ್ಲರ್_ಅಕ್ಕ_ಮೈಸೂರು ಆ ಪೆನ್ ತಗೊಳ್ಳದೇ ಇದ್ದದ್ದಕ್ಕೆ ಕೈ ಮುಗೀತೀನಿ ಅಕ್ಕ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲೇ ಈ ಪೆನ್‌ಗಳನ್ನು ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿದೆ. ಒತ್ತಡದಲ್ಲಿ ಹೊಡೆದರೆ ಜೆಲ್ ಎಷ್ಟು ಆಳಕ್ಕೆ, ಎಲ್ಲಿಗೆ ಹೋಯಿತು ಅನ್ನೋದು ಹೊಡೆದವರ ಕೈಯಲ್ಲಿ ಇರಲ್ಲ. ತುಟಿಯೊಳಗೆ ಅಪಧಮನಿ ಓಡುತ್ತದೆ, ಅದು ಎಲ್ಲರಲ್ಲೂ ಒಂದೇ ಆಳದಲ್ಲಿ ಇರಲ್ಲ.

ಬಣ್ಣದ ವಿಷಯ. ಫಿಲ್ಲರ್ ಗಾತ್ರ ಕೊಡುತ್ತದೆ, ಬಣ್ಣ ಬದಲಿಸಲ್ಲ. ತುಟಿ ಕಪ್ಪಾಗೋಕೆ ಸಿಗರೇಟು, ತುಟಿ ನೆಕ್ಕುವ ಅಭ್ಯಾಸ, ಬಿಸಿಲು, ಯಾವುದೋ ಲಿಪ್‌ಸ್ಟಿಕ್ ಅಥವಾ ಟೂತ್‌ಪೇಸ್ಟ್ ಅಲರ್ಜಿ, ಹೀಗೆ ಕಾರಣ ಹಲವು. ಎಷ್ಟೋ ಜನರಿಗೆ ಅದು ಹುಟ್ಟು ಬಣ್ಣ. ಅಲರ್ಜಿಯಿಂದ ತುಟಿ ಸಿಪ್ಪೆ ಏಳುತ್ತಿದ್ದರೆ ಮೊದಲು ಅದು ವಾಸಿ ಆಗಬೇಕು. ಆಮೇಲೆ ಫಿಲ್ಲರ್ ಮಾತು.

ತುಟಿ ಉಬ್ಬಿಸುವ ಲಿಪ್ ಗ್ಲಾಸ್‌ಗಳ ಬಗ್ಗೆಯೂ ಕೇಳ್ತಾರೆ. ಅದರಲ್ಲಿ ದಾಲ್ಚಿನ್ನಿ, ಪುದೀನದ ಸಾರ, ಮೆಣಸಿನಕಾಯಿಯ ಖಾರದಂಥದ್ದು ಇರುತ್ತದೆ. ಉರಿ ಹತ್ತಿಸಿ ಸ್ವಲ್ಪ ಹೊತ್ತು ಉಬ್ಬಿಸುತ್ತದೆ. ಅಷ್ಟೇ.

ಹುಬ್ಬಳ್ಳಿ_ಹುಡುಗ

ಗಂಡಸರೂ ಬರೀಬಹುದಲ್ಲ ಇಲ್ಲಿ? ನನಗೆ ಹುಟ್ಟಿನಿಂದ ಸೀಳುತುಟಿ. ಕೂಸಿದ್ದಾಗ ಆಪರೇಷನ್ ಆಗಿದೆ, ಚೆನ್ನಾಗೇ ಮಾಡಿದ್ದಾರೆ. ಆದರೆ ಮೇಲ್ತುಟಿಯ ಎಡಭಾಗ ಚಪ್ಪಟೆ, ಬಲಭಾಗ ತುಂಬಿದೆ. "ಮೀಸೆ ಬಿಡಲೇ, ಮುಚ್ಚಿ ಹೋಗ್ತದ" ಅಂತ ಸಣ್ಣವನಿದ್ದಾಗಿಂದ ಎಲ್ಲರೂ ಹೇಳಿದ್ದೇ. ಮೀಸೆ ನನಗೆ ಇಷ್ಟ ಇಲ್ಲ.

ಹೋದ ವರ್ಷ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಹತ್ತಿರ ಫಿಲ್ಲರ್ ಹಾಕಿಸಿದೆ. ಗಾಯದ ಕಲೆ ಇರುವ ಜಾಗ ಗಟ್ಟಿ. ಸೂಜಿ ಅಲ್ಲಿ ತಡೆದು ತಡೆದು ಹೋಗೋದು ನನಗೇ ಗೊತ್ತಾಗುತ್ತಿತ್ತು, ಒಂದು ಥರ ಕರಕರ. ಹಳೇ ಆಪರೇಷನ್ ಆದ ಕಡೆ ರಕ್ತನಾಳದ ದಾರಿ ಬೇರೆ ಆಗಿರುತ್ತೆ, ಅದಕ್ಕೆ ಒಂದೊಂದೇ ಹನಿ ಹಾಕ್ತೀನಿ ಅಂತ ಮೊದಲೇ ಹೇಳಿದ್ದರು. ಪೂರ್ತಿ ಸಮ ಆಗಲ್ಲ ಅಂತಲೂ ಹೇಳಿದ್ದರು. ಆಗಲಿಲ್ಲ. ಆದರೆ ಈಗ ವಿಡಿಯೋ ಕಾಲ್‌ನಲ್ಲಿ ನಾನು ಮುಖ ಪಕ್ಕಕ್ಕೆ ತಿರುಗಿಸಲ್ಲ.

ಇಲ್ಲಿ ಸಹಜ, ದಪ್ಪ ಅಂತ ಎರಡೇ ಗುಂಪು ಮಾಡಿದ್ದೀರಿ. ನನಗೆ ಬೇಕಾಗಿದ್ದು ಎರಡೂ ಅಲ್ಲ, ಎರಡು ಕಡೆ ಒಂದೇ ಥರ ಇರೋದು.

ದುಬೈ_ಕನ್ನಡತಿ

@ಹುಬ್ಬಳ್ಳಿ_ಹುಡುಗ ನಿಮ್ಮ ಮಾತೇ ಈ ಥ್ರೆಡ್‌ನಲ್ಲಿ ಉಪಯೋಗಕ್ಕೆ ಬರೋದು ಅಣ್ಣ.

ಸುಮ್ನೆ_ಕೇಳ್ದೆ

ಹುಬ್ಬಳ್ಳಿಯವರದ್ದು ಬೇರೆ ವಿಷಯ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಫಿಲ್ಲರ್ ಕೆಲವು ತಿಂಗಳಲ್ಲಿ ಕರಗುತ್ತೆ ಅಂತಾರಲ್ಲ. ಕರಗೋದಕ್ಕೆ ಅಷ್ಟು ದುಡ್ಡಾ? ಒಂದು ಸಲ ಶುರು ಮಾಡಿದರೆ ವರ್ಷಾ ವರ್ಷ ಹಾಕಿಸ್ತಾನೇ ಇರಬೇಕಲ್ಲ?

ಬನಶಂಕರಿ_ಬಿಡಿಎ

ದುಡ್ಡಿನ ವಿಷಯ ನಿಜ. ನಾನು ವಿಚಾರಿಸಿದ ಕಡೆಗಳಲ್ಲಿ ಒಂದು ಎಂಎಲ್‌ಗೆ 20,000ದಿಂದ 35,000 ರೂಪಾಯಿವರೆಗೆ ಹೇಳಿದರು. ಚಂದಕ್ಕೆ ಮಾಡಿಸೋದು ಅಂತ 18% ಜಿಎಸ್‌ಟಿ ಬೇರೆ. ಹೆಲ್ತ್ ಇನ್ಶೂರೆನ್ಸ್ ಕೊಡಲ್ಲ. ನಿಲ್ಲಿಸಿದರೆ ಹಳೇ ತುಟಿಗೆ ವಾಪಸ್, ಅದಕ್ಕಿಂತ ಕೆಟ್ಟದಾಗಲ್ಲ. ಆದರೆ ತುಂಬಿದ್ದು ನೋಡಿ ಕಣ್ಣಿಗೆ ಅಭ್ಯಾಸ ಆಗಿರುತ್ತಲ್ಲ, ಹಳೇದು ಮೊದಲಿಗಿಂತ ತೆಳು ಅನಿಸುತ್ತೆ. ನನಗೂ ಅನಿಸ್ತು. ಹಳೇ ಫೋಟೋ ತೆಗೆದು ನೋಡಿ ಸಮಾಧಾನ ಮಾಡಿಕೊಂಡೆ.

ಮೂರನೇ_ಮಹಡಿ

"ಆರು ತಿಂಗಳಿಗೆ ಕರಗುತ್ತೆ, ಆರು ತಿಂಗಳಿಗೊಮ್ಮೆ ಬನ್ನಿ" ಅಂತ ನನಗೂ ಹೇಳಿದ್ದರು. ಕ್ಲಿನಿಕ್ ಹೆಸರು ಬೇಡ. ಪ್ರತಿ ಸಲ ಹೋದಾಗಲೂ ಪೂರ್ತಿ ಸಿರಿಂಜ್. ಹಿಂದಿನದು ಎಷ್ಟು ಉಳಿದಿದೆ ಅಂತ ಒಮ್ಮೆಯೂ ಮುಟ್ಟಿ ನೋಡಲಿಲ್ಲ. ಕೊನೆಗೆ ಮೇಲ್ತುಟಿಯ ಅಂಚೇ ಮಾಯ. ತುಟಿಗೂ ಮೂಗಿಗೂ ನಡುವೆ ಒಂದು ಉಬ್ಬು. ಪಕ್ಕದಿಂದ ನೋಡಿದರೆ ಬಾತುಕೋಳಿ ಅಂತ ನನ್ನ ತಂಗಿಯೇ ಅಂದಳು. ಲಿಪ್‌ಸ್ಟಿಕ್ ಎಲ್ಲಿಗೆ ನಿಲ್ಲಿಸಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ಬೇರೆ ಡಾಕ್ಟರ್ ಹತ್ತಿರ ಹೋಗಿ ಕರಗಿಸಿಕೊಂಡೆ. ಹಯಲುರಾನಿಡೇಸ್ ಅಂತ ಇಂಜೆಕ್ಷನ್. ಹಾಕುವಾಗ ಫಿಲ್ಲರ್‌ಗಿಂತ ಉರಿ ಜಾಸ್ತಿ. ಮುಖ ಊದಿಕೊಂಡು ಎರಡು ದಿನ ಮಾಸ್ಕ್ ಹಾಕಿಕೊಂಡೇ ಓಡಾಡಿದೆ. 2025ರಲ್ಲಿ ರಿಯಾಲಿಟಿ ಶೋ ತಾರೆ ಉರ್ಫಿ ಜಾವೇದ್ ತನ್ನ ತುಟಿ ಫಿಲ್ಲರ್ ಕರಗಿಸಿಕೊಳ್ಳೋ ವಿಡಿಯೋ ಹಾಕಿದ್ದಳಲ್ಲ, ಊದಿದ ಮುಖದ ಸಮೇತ? ಜನ ನಕ್ಕರು. ನನಗೆ ಮಾತ್ರ ಅವಳ ಧೈರ್ಯ ಮೆಚ್ಚುಗೆ ಆಯಿತು.

ಈಗ ಏನೂ ಹಾಕಿಸಿಲ್ಲ. ಮತ್ತೆ ಹಾಕಿಸಬಹುದು, ಹಾಕಿಸದೇ ಇರಬಹುದು. ಅವಸರ ಇಲ್ಲ.

ಜಯನಗರ_ಅಮ್ಮ

ನನ್ನ ಮಗಳು ಮಾಡಿಸಿಕೊಂಡಿದ್ದಾಳೆ. ನಾನು ಬೇಡವೇ ಬೇಡ ಅಂತ ಹಟ ಹಿಡಿದಿದ್ದೆ. "ಇರೋ ತುಟಿಗೆ ಏನಾಗಿದೆ, ನಮ್ಮಮ್ಮಂದೇ ತುಟಿ ನಿಂದು" ಅಂತ. ಕೇಳಲಿಲ್ಲ. ಒಬ್ಬಳೇ ಹೋಗೋದು ಬೇಡ ಅಂತ ನಾನೂ ಹೊರಟೆ. ಅಲ್ಲಿ ಡಾಕ್ಟರನ್ನು ನಾನೇ ಜಾಸ್ತಿ ಪ್ರಶ್ನೆ ಕೇಳಿದ್ದು. ತುಂಗಾತೀರ ಪುಟ್ಟೀ, ನಿನ್ನ ಅಮ್ಮನನ್ನೂ ಕರ್ಕೊಂಡು ಹೋಗು. ಫೋನಿನಲ್ಲಿ ಹೇಳಿದರೆ ಹೆದರಿಕೆ ಹೋಗಲ್ಲ.

ನನ್ನದೊಂದು ಪ್ರಶ್ನೆ. ನಾವು ಮಾಂಸ ತಿನ್ನೋರಲ್ಲ. ಇದು ಪ್ರಾಣಿಯಿಂದ ತೆಗೆದದ್ದಂತೆ, ಹೌದಾ? ಅವತ್ತು ಕೇಳೋದು ಮರೆತೆ.

ಚರ್ಮದ_ಡಾಕ್ಟ್ರು

@ಜಯನಗರ_ಅಮ್ಮ ಆ ಮಾತಿಗೆ ಒಂದು ಹಿನ್ನೆಲೆ ಇದೆ ಅಮ್ಮ. 1934ರಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಅನ್ನುವ ಇಬ್ಬರು ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಕೊಲಾಜೆನ್ ಫಿಲ್ಲರ್ ಕೂಡ ಹಸುವಿನದೇ. ಅದಕ್ಕೆ ಮೊದಲು ಕೈಗೆ ಅಲರ್ಜಿ ಪರೀಕ್ಷೆ ಮಾಡಬೇಕಿತ್ತು. ಈಗ ಬರುವ ಹಯಲುರಾನಿಕ್ ಆಸಿಡ್ ಜೆಲ್‌ಗಳನ್ನು ಬ್ಯಾಕ್ಟೀರಿಯಾ ಹುದುಗಿಸಿ ತಯಾರಿಸ್ತಾರೆ. 2003ರ ಕೊನೆಯಲ್ಲಿ ಅಮೆರಿಕಕ್ಕೆ ಬಂದ ರೆಸ್ಟಿಲೇನ್ ಅಂಥದ್ದೇ. ತುಟಿಗೆ ಹಾಕಲು ಅಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ.

@ಮೂರನೇ_ಮಹಡಿ ನಿಮಗೆ ಆದದ್ದನ್ನು ನಾನೂ ಆಗಾಗ ನೋಡ್ತೀನಿ. ತುಟಿಯಲ್ಲಿ ಫಿಲ್ಲರ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಾಣುತ್ತದೆ. ಕಾಣದೇ ಹೋಯಿತು ಅಂದರೆ ಪೂರ್ತಿ ಕರಗಿತು ಅಂತಲ್ಲ. ಎಂಆರ್‌ಐ ಮಾಡಿಸಿದಾಗ ಕೆಲವರ ಮುಖದಲ್ಲಿ ವರ್ಷಗಳ ಹಿಂದಿನ ಫಿಲ್ಲರ್ ಕಂಡಿದೆ. ಕ್ಯಾಲೆಂಡರ್ ನೋಡಿ ತುಂಬಿಸಬಾರದು, ತುಟಿ ನೋಡಿ ತುಂಬಿಸಬೇಕು.

ಈಗ ಅಪಾಯದ ವಿಷಯ. ಇದೊಂದನ್ನು ದಯವಿಟ್ಟು ಪೂರ್ತಿ ಓದಿ.

ಊತ, ನೀಲಿಗಟ್ಟುವುದು, ಮುಟ್ಟಿದರೆ ಸಣ್ಣ ಗಂಟು, ಇವೆಲ್ಲ ಮಾಮೂಲು. ಮಾಮೂಲಲ್ಲದ್ದು ಅಂದರೆ ಜೆಲ್ ರಕ್ತನಾಳದೊಳಗೆ ಹೋಗಿ ಅದು ಕಟ್ಟಿಕೊಳ್ಳುವುದು. ಅಪರೂಪ, ಆದರೆ ಆಗುತ್ತದೆ. ತುಟಿ ಅಥವಾ ಅದರ ಸುತ್ತ ಚರ್ಮ ಬಿಳಿಚಿಕೊಳ್ಳುತ್ತದೆ, ಇಲ್ಲವೇ ಬಲೆ ಥರ ನೀಲಿ ಗೆರೆ ಮೂಡುತ್ತದೆ. ಅದು ಮೂಗಿನ ಪಕ್ಕದವರೆಗೂ ಹೋಗಬಹುದು. ಬೆರಳಲ್ಲಿ ಒತ್ತಿ ಬಿಟ್ಟರೆ ಕೆಂಪು ವಾಪಸ್ ಬರೋದು ತಡ. ನೋವು ಕಡಿಮೆ ಆಗೋ ಬದಲು ಏರುತ್ತಾ ಹೋಗುತ್ತದೆ. ಆದರೆ ಮರಗಟ್ಟಿಸುವ ಔಷಧಿಯ ಪ್ರಭಾವದಲ್ಲಿ ಮೊದಲ ಕೆಲವು ಗಂಟೆ ನೋವು ಗೊತ್ತಾಗದೆಯೂ ಇರಬಹುದು, ಹಾಗಾಗಿ ಬಣ್ಣ ನೋಡಿ. ಹೀಗಾದರೆ "ಬೆಳಿಗ್ಗೆ ನೋಡೋಣ" ಅಂತ ಮಲಗಬೇಡಿ. ರಾತ್ರಿಯೇ ಫೋನ್ ಮಾಡಿ, ರಾತ್ರಿಯೇ ಹೋಗಿ. ಹಯಲುರಾನಿಡೇಸ್ ಬೇಗ, ಸಾಕಷ್ಟು ಪ್ರಮಾಣದಲ್ಲಿ ಹಾಕಿದರೆ ತುಟಿ ಉಳಿಯುತ್ತದೆ. ತಡವಾದರೆ ಚರ್ಮ ಸಾಯುತ್ತದೆ, ಕಲೆ ಉಳಿಯುತ್ತದೆ.

ತುಟಿಗೆ ಹಯಲುರಾನಿಕ್ ಆಸಿಡ್ ಮಾತ್ರ ಹಾಕಿ ಅನ್ನೋದೂ ಇದಕ್ಕೇ. ಬೇರೆ ಫಿಲ್ಲರ್‌ಗಳನ್ನು ಹೀಗೆ ಕರಗಿಸೋಕೆ ಆಗಲ್ಲ. ದ್ರವ ಸಿಲಿಕೋನ್ ಹಾಕ್ತೀನಿ, ಜೀವನಪೂರ್ತಿ ಇರುತ್ತೆ ಅಂತ ಯಾರಾದರೂ ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಹಾಗಾಗಿ ಹೋದ ಕಡೆ ಮೊದಲ ಪ್ರಶ್ನೆ: "ಹಯಲುರಾನಿಡೇಸ್ ಇಲ್ಲೇ ಇದೆಯಾ, ತೋರಿಸ್ತೀರಾ?" ಉತ್ತರ ತಡವರಿಸಿದರೆ ಅಲ್ಲಿ ಬೇಡ. ಸೂಜಿ ಹಾಕುವವರ ಡಿಗ್ರಿ ನೋಡಿ. ಚರ್ಮರೋಗ ಎಂಡಿ, ಡಿಡಿವಿಎಲ್, ಡಿಎನ್‌ಬಿ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿ ಎಂಸಿಎಚ್. ಹೆಸರನ್ನು ಮೆಡಿಕಲ್ ಕೌನ್ಸಿಲ್ ರಿಜಿಸ್ಟರ್‌ನಲ್ಲಿ ಹುಡುಕಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಕಡ್ಡಾಯ, ಪ್ರಮಾಣಪತ್ರ ಗೋಡೆ ಮೇಲೆ ಇರಬೇಕು. "ಡಾಕ್ಟರ್ ಇದ್ದಾರೆ, ಆದರೆ ಹಾಕೋದು ಥೆರಪಿಸ್ಟ್" ಅನ್ನುವ ಕಡೆ ಹೋಗಬೇಡಿ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟ್ರೇ, ಆಫರ್ ಹೇಳಿದ ಕಡೆಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. "ಬೇಕಾದರೆ ಮೆಡಿಕಲ್‌ನಿಂದ ತರಿಸ್ತೀವಿ ಮೇಡಂ" ಅಂದಳು. ಅಲ್ಲಿಗೆ ಅದು ಮುಗೀತು.

ಸುಮ್ಮನೆ ಇದ್ದಾಗಲೂ ನನ್ನ ಮೇಲ್ತುಟಿ ತೆಳುವೇ, ನಕ್ಕಾಗ ಇನ್ನೂ ಜಾಸ್ತಿ. ಮೊದಲ ಡಾಕ್ಟರ್ ಹತ್ತಿರ ಮತ್ತೆ ಹೋಗಿ ಕೇಳಿದೆ. ಮೊದಲು ಮೇಲ್ತುಟಿಗೆ ಮಾತ್ರ ಅರ್ಧ ಎಂಎಲ್, ಕೆಳತುಟಿ ಮುಟ್ಟೋದು ಬೇಡ ಅಂದರು. ಲಿಪ್ ಫ್ಲಿಪ್ ಬೇಕಾ ಅಂತ ಆಮೇಲೆ ನೋಡೋಣವಂತೆ. ಅಮ್ಮ ಶನಿವಾರದ ಇಂಟರ್‌ಸಿಟಿಗೆ ಬರ್ತಾರೆ. "ನಾನೂ ಒಳಗೆ ಕೂರ್ತೀನಿ" ಅಂತ ಷರತ್ತು.

@ದುಬೈ_ಕನ್ನಡತಿ ಅಕ್ಕ, ನನಗೆ ಸಹಜವೇ ಇರಲಿ. ಆದರೆ ಯಾರಾದರೂ ಕೇಳಿದರೆ ಸುಳ್ಳು ಹೇಳಲ್ಲ.

ದುಬೈ_ಕನ್ನಡತಿ

ಅಷ್ಟು ಸಾಕು ತಾಯಿ.

ಕಾಫಿತೋಟ_ಮೂಡಿಗೆರೆ

ತಡವಾಗಿ ಓದಿದೆ. ನನಗೆ ಹೆಜ್ಜೇನು ಕಚ್ಚಿದರೆ ಮೈಯೆಲ್ಲ ದದ್ದು, ಉಸಿರು ಕಟ್ಟುತ್ತೆ. ಒಮ್ಮೆ ತೋಟದಿಂದ ನೇರ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದಾರೆ. ಫಿಲ್ಲರ್‌ಗೂ ಇದಕ್ಕೂ ಸಂಬಂಧ ಇದೆ ಅಂತ ಯಾರೋ ಹೇಳಿದರು. ಸುಳ್ಳು ತಾನೇ?

ಚರ್ಮದ_ಡಾಕ್ಟ್ರು

ಸುಳ್ಳಲ್ಲ. ಫಿಲ್ಲರ್‌ಗಲ್ಲ, ಅದನ್ನು ಕರಗಿಸುವ ಔಷಧಿಗೆ ಸಂಬಂಧ. ಜೇನುನೊಣ, ಕಣಜದ ವಿಷದಲ್ಲೂ ಹಯಲುರಾನಿಡೇಸ್ ಇರುತ್ತದೆ. ಅದಕ್ಕೆ ಜೋರು ಅಲರ್ಜಿ ಇರುವವರಿಗೆ ಇಂಜೆಕ್ಷನ್‌ಗೂ ಅಲರ್ಜಿ ಆಗುವ ಸಾಧ್ಯತೆ ಇದೆ. ನಿಮ್ಮಂಥವರಿಗೆ ತುರ್ತಿನಲ್ಲಿ ಕರಗಿಸಬೇಕಾಗಿ ಬಂದರೆ ಕಷ್ಟ. ಮೊದಲ ಭೇಟಿಯಲ್ಲೇ ಹೇಳಿ. ನನ್ನ ಹತ್ತಿರ ಬಂದಿದ್ದರೆ ನಾನು ಹಾಕುತ್ತಿರಲಿಲ್ಲ.

ಉಳಿದವರಿಗೂ ಇದೇ ಸಂದರ್ಭದಲ್ಲಿ: ಬಸುರಿಯರು, ಹಾಲುಣಿಸುವವರು ಈಗ ಬೇಡ. ತುಟಿಯ ಮೇಲೆ ಆಗಾಗ ನೀರುಗುಳ್ಳೆ ಏಳುವವರು, ಊರ ಕಡೆ ಜ್ವರದ ಗುಳ್ಳೆ ಅಂತಾರಲ್ಲ, ಅದು ಹರ್ಪಿಸ್. ಸೂಜಿ ಬಿದ್ದರೆ ಮತ್ತೆ ಏಳಬಹುದು. ಮೊದಲೇ ಹೇಳಿದರೆ ಮಾತ್ರೆ ಕೊಡ್ತೀವಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳೋರು ಸುಮ್ಮನೆ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ.

ತುಂಗಾತೀರ

ಡಾಕ್ಟ್ರೇ, ಇನ್ನೊಂದೇ ಒಂದು. ಮದುವೆಗೆ ಅಂತ ಹಲ್ಲು ಕ್ಲೀನಿಂಗ್ ಕೂಡ ಬುಕ್ ಮಾಡಿದ್ದೆ, ಫಿಲ್ಲರ್ ಆದ ಮೂರನೇ ದಿನಕ್ಕೆ. ತೊಂದರೆ ಇಲ್ಲ ತಾನೇ?

ಚರ್ಮದ_ಡಾಕ್ಟ್ರು

ತೊಂದರೆ ಇದೆ. ಹಲ್ಲು ಕ್ಲೀನ್ ಮಾಡಿಸುವಾಗ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ, ತುಟಿಯನ್ನೂ ಎಳೆದು ಹಿಡೀತಾರೆ. ಎರಡಕ್ಕೂ ನಡುವೆ ಎರಡು ವಾರ ಅಂತರ ಇರಲಿ. ಫಿಲ್ಲರ್ ದಿನ ಗೊತ್ತಾಗಿದ್ದರೆ ಹಲ್ಲಿನದ್ದನ್ನು ಮುಂದಕ್ಕೆ ಹಾಕಿ, ಮದುವೆಗೆ ಇನ್ನೂ ಟೈಮ್ ಇದೆ. ಫಿಲ್ಲರ್ ಹಾಕಿಸುವ ದಿನ ಅದರ ಡಬ್ಬಿಯನ್ನು ನಿಮ್ಮ ಎದುರಿಗೇ ಒಡೆಯೋಕೆ ಹೇಳಿ. ಒಳಗೆ ಲಾಟ್ ನಂಬರ್ (ತಯಾರಿಕೆಯ ಬ್ಯಾಚ್ ಗುರುತು) ಇರುವ ಸ್ಟಿಕ್ಕರ್ ಇರುತ್ತದೆ. ಒಂದು ಕ್ಲಿನಿಕ್‌ನ ಫೈಲಿಗೆ, ಒಂದು ನಿಮಗೆ. ಕೇಳಿ ಇಸ್ಕೊಳ್ಳಿ.